ಮುಪ್ಪಿಗೂ ಲಿಂಗಭೇದವುಂಟೆ?

ಮಾಗಡಿ ತಾಲ್ಲೂಕು ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರು 2025ನೆಯ ಇಸವಿ ನವೆಂಬರ್ 14ರಂದು, 114 ವರ್ಷ ವಯಸ್ಸಿನಲ್ಲಿ, ಕಾಲವಶರಾದರು. ಅಂದಿನಿಂದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ನಮ್ಮ ಸೀಮೆಯಲ್ಲಿ ಅವರನ್ನು ಕುರಿತು ಆಡಿದ ಮಾತಿಗೂ ಬರೆದ ಬರಹಕ್ಕೂ ಲೆಕ್ಕವಿಲ್ಲ. ಅವುಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲಿಯೂ ಒಂದು ವಾಕ್ಯ ತಪ್ಪದೆ ಬರುವುದು: “ಮಕ್ಕಳಿಲ್ಲದ ಕೊರಗನ್ನು ಮರಗಳನ್ನು ಸಾಕಿ ನೀಗಿಕೊಂಡ ತಾಯಿ.” ಕೇಳಿದವರ ಕಣ್ಣು ತೇವವಾಗುವುದು, ಚಪ್ಪಾಳೆಯೂ ಬೀಳುವುದು. ಈ ವಾಕ್ಯದ ವಿಷಯದಲ್ಲಿ ನನ್ನ ಆಕ್ಷೇಪವಿದೆ. ಆಕ್ಷೇಪ ಆ ಪೂಜ್ಯರ ಮೇಲಲ್ಲ. ಅವರನ್ನು ಹೀಗೆ ಹೊಗಳಿ ಕೈತೊಳೆದುಕೊಳ್ಳುವ ನಮ್ಮಗಳ ಮೇಲೆ.

ತಿಮ್ಮಕ್ಕನವರು ಮಾಡಿದ್ದಾದರೂ ಏನೆಂಬುದನ್ನು ಮೊದಲು ನೋಡೋಣ. ಗುಬ್ಬಿಯ ಕಡೆ ಹುಟ್ಟಿ, ಹುಲಿಕಲ್ಲಿನ ಚಿಕ್ಕಯ್ಯನವರ ಕೈಹಿಡಿದು ಬಂದವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕಲ್ಲಿನ ಕ್ವಾರಿಯಲ್ಲಿ ಕೂಲಿ ಮಾಡಿದವರು. ದಂಪತಿಗಳಿಬ್ಬರೂ ಮೊದಲನೆಯ ವರ್ಷ ಹತ್ತು ಆಲದ ಸಸಿಗಳನ್ನು ದಾರಿಯ ಬದಿಯಲ್ಲಿ ನೆಟ್ಟರು. ವರ್ಷವರ್ಷಕ್ಕೆ ಅದನ್ನು ಹೆಚ್ಚಿಸಿದರು. ಮಳೆಗಾಲ ನೋಡಿ ನೆಟ್ಟರು. ದನಕರು ಮೇಯದಂತೆ ಮುಳ್ಳು ಕಟ್ಟಿದರು. ಬೇಸಗೆಯಲ್ಲಿ ದೂರದಿಂದ ಕೊಡ ಹೊತ್ತು ನೀರೆರೆದರು. ಹುಲಿಕಲ್ಲಿನಿಂದ ಕುದೂರಿನವರೆಗೆ ನಾಲ್ಕೈದು ಕಿಲೋಮೀಟರ್ ದಾರಿಯಲ್ಲಿ 385 ಆಲದ ಮರಗಳಾದವು. 1991ರಲ್ಲಿ ಚಿಕ್ಕಯ್ಯನವರು ತೀರಿಕೊಂಡ ಮೇಲೂ ತಿಮ್ಮಕ್ಕನವರು ಕೈಬಿಡಲಿಲ್ಲ.

ಇದು ಕೆಲಸ. ದೇಹಬಲ ಬೇಕಾದ, ಬುದ್ಧಿ ಬೇಕಾದ, ಹತ್ತಾರು ವರ್ಷ ಎಡೆಬಿಡದ ನಿಷ್ಠೆ ಬೇಕಾದ ಕೆಲಸ. ಗಂಡಸೊಬ್ಬನು ಇದನ್ನು ಮಾಡಿದ್ದರೆ ಕರ್ಮಯೋಗಿ ಎನ್ನುತ್ತಿದ್ದೆವು. ಮಾಗಡಿಯ ಕೆಂಪೇಗೌಡರು ಕೆರೆ ಕಟ್ಟಿಸಿದ್ದನ್ನು ಹೇಳುವಾಗಲಾಗಲಿ, ನಮ್ಮ ಸೀಮೆಯವರೇ ಆದ ಕೆಂಗಲ್ ಹನುಮಂತಯ್ಯನವರು ವಿಧಾನಸೌಧವನ್ನು ಕಟ್ಟಿಸಿದ್ದನ್ನು ಹೇಳುವಾಗಲಾಗಲಿ, ಅವರ ಸಂತಾನದ ಲೆಕ್ಕವನ್ನು ಯಾರಾದರೂ ತೆಗೆಯುವರೆ? ಹೆಂಗಸು ಮಾಡಿದಾಗ ಮಾತ್ರ ಅವಳ ಗರ್ಭದಿಂದ ಕಥೆ ಆರಂಭವಾಗಬೇಕು. ಗಂಡಸಿನ ಕೆಲಸಕ್ಕೆ ಕಾರಣ ಬೇಡ. ಹೆಂಗಸಿನ ಕೆಲಸಕ್ಕೆ ಒಂದು ಕೊರತೆಯ ಕಾರಣ ಬೇಕು.

“ಆಕೆಯೇ ಹಾಗೆ ಹೇಳುತ್ತಿದ್ದರಲ್ಲ?” ಎನ್ನಬಹುದು. ಹೇಳುತ್ತಿದ್ದರು, ನಿಜ. ಮಕ್ಕಳಾಗಲಿಲ್ಲವೆಂದು ಚುಚ್ಚಿದ ಲೋಕಕ್ಕೆ ಅದರ ಭಾಷೆಯಲ್ಲಿಯೇ ಅವರು ಉತ್ತರ ಕೊಟ್ಟರು. ಚುಚ್ಚಿಸಿಕೊಂಡವಳು ಹಾಗೆ ಉತ್ತರ ಕೊಡುವುದು ಅವಳ ಧೈರ್ಯ. ಚುಚ್ಚಿದವರು ಅದೇ ಮಾತನ್ನು ಬಿನ್ನವತ್ತಳೆಯಲ್ಲಿ ಬರೆದು ಓದುವುದು ಮಾತ್ರ ನಿರ್ಲಜ್ಜತನ.

ನನ್ನ ಪ್ರತಿಜ್ಞೆ ಇಷ್ಟು: ಮುಪ್ಪು ದೇಹಧರ್ಮ, ಅದಕ್ಕೆ ಗಂಡು ಹೆಣ್ಣೆಂಬ ಪಕ್ಷಪಾತವಿಲ್ಲ. ಆದರೆ ‘ಮುದುಕಿ’ ಎಂಬುವಳು ದೇಹದಿಂದ ಆದವಳಲ್ಲ, ನಮ್ಮ ಅಳತೆಯಿಂದ ಆದವಳು. ಗಂಡಸಿನ ವಯಸ್ಸನ್ನು ನಾವು ಅವನ ಕೆಲಸದಿಂದ ಅಳೆಯುತ್ತೇವೆ. ಹೆಂಗಸಿನ ವಯಸ್ಸನ್ನು ಅವಳ ಗರ್ಭದಿಂದಲೂ ಅವಳ ಗಂಡನಿಂದಲೂ ಅಳೆಯುತ್ತೇವೆ. ಈ ಎರಡು ಕೊಳಗಗಳಿರುವ ತನಕ ನಮ್ಮ ಅಂಗಡಿಯ ತೂಕ ಸುಳ್ಳು.

ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನಾದ್ದರಿಂದ ಮೊದಲು ನಮ್ಮ ಮನೆಯ ಕಸವನ್ನೇ ಗುಡಿಸುವೆನು. ಮನುಸ್ಮೃತಿಯ ಆರನೆಯ ಅಧ್ಯಾಯದಲ್ಲಿ ವಾನಪ್ರಸ್ಥದ ಕಾಲವನ್ನು ಹೇಳಿದೆ. ಗೃಹಸ್ಥನು ತನ್ನ ಮೈಯಲ್ಲಿ ಸುಕ್ಕನ್ನೂ ತಲೆಯಲ್ಲಿ ನರೆಯನ್ನೂ ಮಗನ ಮಗನನ್ನೂ ಕಂಡಾಗ ಕಾಡಿಗೆ ಹೊರಡಬೇಕು. ಹೆಂಡತಿ? ಅವಳನ್ನು ಮಕ್ಕಳಲ್ಲಿ ‘ನಿಕ್ಷೇಪ’ ಮಾಡಬೇಕು, ಇಲ್ಲವೆ ಜೊತೆಯಲ್ಲಿ ಕರೆದೊಯ್ಯಬೇಕು. ನಿಕ್ಷೇಪವೆಂದರೆ ನಂಬಿಕಸ್ಥರ ಮನೆಯಲ್ಲಿ ಇಟ್ಟ ಗಂಟು. ಅವಳ ಮೈಯಲ್ಲಿ ಸುಕ್ಕು ಬಿತ್ತೆ, ಅವಳಿಗೂ ಮನೆಯ ಭಾರ ಸಾಕಾಯಿತೆ ಎಂದು ಕೇಳಿದವರಿಲ್ಲ. ಅವನ ನರೆಗೂದಲಿನಿಂದ ಅವಳ ಆಶ್ರಮ ನಿರ್ಣಯವಾಯಿತು.

ಪುರಾಣೇತಿಹಾಸಗಳಲ್ಲಿಯೂ ಹೀಗೆಯೇ. ಯಯಾತಿಗೆ ಮುಪ್ಪು ಬಂದಾಗ ಮಗನಾದ ಪೂರುವು ತನ್ನ ಯೌವನವನ್ನೇ ಕೊಟ್ಟನು. ಸಾವಿರ ವರ್ಷ ಅದನ್ನು ಯಯಾತಿ ಅನುಭವಿಸಿದನು. ಹಣ್ಣುಮುದುಕನಾದ ಚ್ಯವನನಿಗೆ ಅಶ್ವಿನೀದೇವತೆಗಳು ತಾರುಣ್ಯವನ್ನು ಕೊಟ್ಟರು, ಪಕ್ಕದಲ್ಲಿ ಸುಕನ್ಯೆಯಿದ್ದಳು. ಇನ್ನು ಮಹಾಭಾರತದ ಶಲ್ಯಪರ್ವದಲ್ಲಿ ಬರುವ ವೃದ್ಧಕನ್ಯೆಯ ಕಥೆಯನ್ನು ನೋಡಿ. ಋಷಿಯ ಮಗಳು, ತನಗೆ ತಕ್ಕ ವರನಿಲ್ಲವೆಂದು ಮದುವೆಯನ್ನೊಲ್ಲದೆ ತಪಸ್ಸಿಗೆ ಕುಳಿತವಳು. ಒಂದು ಹೆಜ್ಜೆ ಇಡಲಾರದಷ್ಟು ಮುಪ್ಪಾದ ಮೇಲೆ ದೇಹಬಿಡಲು ನಿಶ್ಚಯಿಸಿದಳು. ಆಗ ನಾರದನು ಬಂದು, ಮದುವೆಯಾಗದ ಹೆಣ್ಣಿಗೆ ಪುಣ್ಯಲೋಕವೆಲ್ಲಿಯದು ಎಂದನು. ಪಾಪ, ಆಕೆ ತನ್ನ ತಪಸ್ಸಿನಲ್ಲಿ ಅರ್ಧವನ್ನು ಕೊಡುವೆನೆಂದು ವರನನ್ನು ಕೂಗಿ ಕರೆಯಬೇಕಾಯಿತು. ಗಾಲವನ ಮಗನಾದ ಶೃಂಗವಂತನು ಒಂದೇ ರಾತ್ರಿಯ ನಿಬಂಧನೆಯ ಮೇಲೆ ಒಪ್ಪಿದನು. ಆ ರಾತ್ರಿ ಆಕೆ ತರುಣಿಯಾದಳು, ಬೆಳಗಾದಾಗ ಹೊರಟುಹೋದಳು. ಯಯಾತಿಯ ಯೌವನ ಅವನ ಭೋಗಕ್ಕೆ. ಈಕೆಯ ಯೌವನ ಒಬ್ಬ ವರನ ಒಂದು ರಾತ್ರಿಯ ಒಪ್ಪಿಗೆಗೆ. ಜನ್ಮವೆಲ್ಲ ಮಾಡಿದ ತಪಸ್ಸಿಗೆ ತಾಳಿಯ ಮುದ್ರೆ ಬೀಳದೆ ಬೆಲೆಯಿಲ್ಲವಾಯಿತು. ಹುಲಿಕಲ್ಲಿನ ಹೆಂಗಸಿನ ತಪಸ್ಸಿಗೆ ಇಂದು ನಾವು ತಾಯ್ತನದ ಮುದ್ರೆ ಒತ್ತುತ್ತಿರುವುದು ಇದರ ಮುಂದಿನ ಅಧ್ಯಾಯ.

ಮರ ನೆಡುವುದನ್ನು ಹೊಗಳುವಾಗಲೂ ಇದೇ ಗತಿ. ಹತ್ತು ಬಾವಿಗೆ ಒಂದು ಕೊಳ, ಹತ್ತು ಕೊಳಕ್ಕೆ ಒಂದು ಮಡು, ಹತ್ತು ಮಡುವಿಗೆ ಒಬ್ಬ ಮಗ, ಹತ್ತು ಮಕ್ಕಳಿಗೆ ಒಂದು ಮರ ಸಮವೆಂದು ಮತ್ಸ್ಯಪುರಾಣದಲ್ಲಿ ಲೆಕ್ಕ ಹಾಕಿದೆ. ಆ ಪ್ರಕಾರ ತಿಮ್ಮಕ್ಕನವರು 3,850 ಗಂಡುಮಕ್ಕಳ ತಾಯಿಯಾದರು. ಲೆಕ್ಕ ಸರಿಯೇ, ಎಣಿಸುವ ನಾಣ್ಯ ಮಾತ್ರ ಮಗನೇ ಆಗಬೇಕೆ? ನೆರಳು ನೆರಳಾಗಿಯೇ ದೊಡ್ಡದಲ್ಲವೆ?

ಇಷ್ಟನ್ನು ಓದಿ, “ಈ ಮೇಷ್ಟರು ಪಾಶ್ಚಾತ್ಯರ ಮಾತು ಕೇಳಿ ಕೆಟ್ಟರು” ಎನ್ನುವವರಿದ್ದಾರೆ. ಪಾಶ್ಚಾತ್ಯರಲ್ಲಿಯೂ ಮನುವಿನ ಶಿಷ್ಯರಿದ್ದಾರೆಂಬುದು ಅವರಿಗೆ ತಿಳಿಯದು. 1961ರಲ್ಲಿ ಅಮೆರಿಕದ ಕಮಿಂಗ್ ಮತ್ತು ಹೆನ್ರಿ ಎಂಬ ಇಬ್ಬರು ವಿದ್ವಾಂಸರು ಕಾನ್ಸಾಸ್ ನಗರದ ವೃದ್ಧರನ್ನು ವಿಚಾರಿಸಿ ಒಂದು ಸಿದ್ಧಾಂತವನ್ನು ಪ್ರಕಟಿಸಿದರು. ವಯಸ್ಸಾದಂತೆ ಮನುಷ್ಯನು ಸಮಾಜದಿಂದಲೂ ಸಮಾಜವು ಮನುಷ್ಯನಿಂದಲೂ ಮೆಲ್ಲಗೆ ಕಳಚಿಕೊಳ್ಳುವುದು ಸಹಜವೆಂಬುದೇ ಅದು. ಕಳಚಿಕೊಳ್ಳುವ ಗುರುತೇನು? ಗಂಡಸಿಗೆ ಉದ್ಯೋಗದಿಂದ ನಿವೃತ್ತಿ, ಹೆಂಗಸಿಗೆ ವೈಧವ್ಯ. ಮನು ಕಾಡಿನ ದಾರಿ ತೋರಿಸಿದ್ದನ್ನು ಇವರು ಪಿಂಚಣಿಯ ದಾರಿ ತೋರಿಸಿದರು. ಹೆಂಗಸನ್ನು ಅಳೆದ ಕೋಲು ಒಂದೇ. ಈ ಎರಡು ಅಳತೆಯ ಅನ್ಯಾಯವನ್ನು 1972ರಲ್ಲಿ ಬಯಲಿಗೆಳೆದ ಸೂಸನ್ ಸಾಂಟಾಗ್ ಕೂಡ ಅಮೆರಿಕದವರೇ: ವಯಸ್ಸು ಗಂಡಸಿಗೆ ಘನತೆಯನ್ನು ತಂದರೆ ಹೆಂಗಸಿಗೆ ನಾಚಿಕೆಯನ್ನು ತರುವಂತೆ ಸಮಾಜ ಏರ್ಪಾಡು ಮಾಡಿದೆಯೆಂದು ಆಕೆ ವಾದಿಸಿದರು. ಆದಕಾರಣ ಇದು ಪೂರ್ವ ಪಶ್ಚಿಮಗಳ ಜಗಳವಲ್ಲ. ಎರಡು ಕಡೆಯಲ್ಲಿಯೂ ಇರುವ ಕಣ್ಣಿದ್ದವರಿಗೂ ಕಣ್ಣು ಮುಚ್ಚಿದವರಿಗೂ ನಡುವಿನ ಜಗಳ.

ನಮ್ಮ ವೈದ್ಯರು ಸ್ಮೃತಿಕಾರರಿಗಿಂತ ನ್ಯಾಯವಂತರು. ಹೆಂಗಸಿನ ರಜಸ್ಸು ಹನ್ನೆರಡಕ್ಕೆ ಆರಂಭವಾಗಿ ಐವತ್ತಕ್ಕೆ ನಿಲ್ಲುವುದೆಂದು ಸುಶ್ರುತನು ಶಾರೀರಸ್ಥಾನದಲ್ಲಿ ಹೇಳಿದ್ದಾನೆ. ಆದರೆ ಅದೇ ಸುಶ್ರುತನು ಸೂತ್ರಸ್ಥಾನದಲ್ಲಿ ವಯಸ್ಸನ್ನು ಭಾಗಮಾಡುವಾಗ ಹದಿನಾರರಿಂದ ಎಪ್ಪತ್ತರವರೆಗೆ ಮಧ್ಯವಯಸ್ಸು, ಎಪ್ಪತ್ತರ ಮೇಲೆ ವಾರ್ಧಕ್ಯ ಎಂದಿದ್ದಾನೆ. ಐವತ್ತಕ್ಕೆ ರಜಸ್ಸು ನಿಂತ ಹೆಂಗಸಿನ ಮುಂದೆ ಇನ್ನೂ ಇಪ್ಪತ್ತು ವರ್ಷದ ಮಧ್ಯವಯಸ್ಸು ಇದೆಯೆಂದಾಯಿತು. ನಾವೋ, ಐವತ್ತಾಗುತ್ತಲೆ “ಇನ್ನೇನು, ಮುದುಕಿಯಾದಳು” ಎನ್ನುವೆವು. ಇನ್ನೊಂದು ಮಾತು. ಆ ವಯಸ್ಸಿನ ದೇಹವನ್ನು ಕುರಿತು ಸುಶ್ರುತನು ಬಳಸಿದ ಪದ ‘ಪಕ್ವ’; ಎಂದರೆ ಹಣ್ಣಾದದ್ದು, ಕೊಳೆತದ್ದಲ್ಲ.

ಹಣ್ಣಾಗುವುದೆಂದರೇನೆಂಬುದನ್ನು ರೇಷ್ಮೆಯ ಸೀಮೆಯವರಾದ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಹುಳು ಹಿಪ್ಪುನೇರಳೆ ಸೊಪ್ಪನ್ನು ತಿನ್ನುವುದನ್ನು ಬಿಟ್ಟು, ಮೈ ಹಳದಿಯಾಗಿ, ತಲೆಯೆತ್ತಿ ಆಡಿಸತೊಡಗಿದಾಗ “ಹುಳು ಹಣ್ಣಾಯಿತು” ಎನ್ನುವೆವು. ಹಣ್ಣಾದ ಹುಳುವನ್ನು ಯಾರೂ ಎಸೆಯುವುದಿಲ್ಲ, ಚಂದ್ರಿಕೆಗೆ ಬಿಡುವರು. ನೂಲು ಬರುವುದು ಆಗಲೇ. ಹುಳು ಹಣ್ಣಾಯಿತೆಂದು ಹಿಗ್ಗುವ ಮನೆಯಲ್ಲಿಯೇ, ಅದನ್ನು ಆರಿಸಿ ಚಂದ್ರಿಕೆಗೆ ಬಿಡುವ ಅರವತ್ತರ ಅಜ್ಜಿಗೆ “ನಿನಗೇನು ತಿಳಿಯುತ್ತೆ, ಸುಮ್ಮನಿರು” ಎನ್ನುವ ಬಾಯಿಯೂ ಇರುವುದು. ರಾಮನಗರದ ನೂಲು ಬಿಚ್ಚಾಣಿಕೆಯ ಮನೆಗಳಲ್ಲಿ ಬಿಸಿನೀರಿಗೆ ಬೆರಳದ್ದಿ ಗೂಡಿನ ಎಳೆ ಹುಡುಕುವ ಹೆಂಗಸರ ಕೈಗಳನ್ನು ನೋಡಿ. ಬೆರಳ ಚರ್ಮ ಬೆಳ್ಳಗೆ ಸುಲಿದು ವಯಸ್ಸಿಗೆ ಮುಂಚೆಯೇ ಮುದಿಯಾಗಿರುತ್ತದೆ. ಆ ಮುಪ್ಪನ್ನು ಯಾವ ಸಿದ್ಧಾಂತವೂ ಎಣಿಸಿಲ್ಲ. ಗರ್ಭವನ್ನು ಎಣಿಸಿದವರು ಕೈಯನ್ನು ಎಣಿಸಲು ಮರೆತರು.

ಇನ್ನು ಓದುಬರಹ ಬಲ್ಲ ನಮ್ಮ ಮನೆಗಳ ಆಚಾರ. ಗಂಡಸಿಗೆ ಅರವತ್ತು ತುಂಬಿದರೆ ಉಗ್ರರಥಶಾಂತಿ, ಷಷ್ಟಿಪೂರ್ತಿ; ಎಪ್ಪತ್ತಕ್ಕೆ ಭೀಮರಥಶಾಂತಿ. ಹೆಂಡತಿ ಪಕ್ಕದಲ್ಲಿ ಕೂಡಬೇಕು, ಇನ್ನೊಮ್ಮೆ ಕೊರಳೊಡ್ಡಬೇಕು. ಮುಹೂರ್ತ ಇಡುವುದು ಅವನ ಜನ್ಮನಕ್ಷತ್ರಕ್ಕೆ. ಅವಳಿಗೆ ಅಂದು ಐವತ್ತೆರಡೋ ಐವತ್ತೆಂಟೋ ಯಾರಿಗೂ ಬೇಕಿಲ್ಲ. ಅವನು ಮೊದಲೇ ತೀರಿಹೋಗಿದ್ದರೆ ಅವಳ ಅರವತ್ತಕ್ಕೆ ಶಾಂತಿಯೂ ಇಲ್ಲ, ಆರತಿಯೂ ಇಲ್ಲ. ಇಲ್ಲಿ ನನ್ನ ಮನೆಯ ಮಾತನ್ನೇ ಹೇಳುವುದು ನ್ಯಾಯ. ನಾನು ನಿವೃತ್ತನಾದ ವರ್ಷ ನನ್ನ ಷಷ್ಟಿಪೂರ್ತಿ ಸಾಂಗವಾಗಿ ನಡೆಯಿತು. ಶಿಷ್ಯರು ಶಾಲು ಹೊದಿಸಿದರು. ಅದಾದ ನಾಲ್ಕು ವರ್ಷಕ್ಕೆ ಒಂದು ರಾತ್ರಿ ನನ್ನ ಮನೆಯಾಕೆ ಊಟ ಬಡಿಸುತ್ತ, “ನಿಮಗೆ ಅರವತ್ತಾದಾಗ ಶಾಂತಿ ಮಾಡಿಸಿದೆವು. ನನಗೆ ಮೊನ್ನೆ ಅರವತ್ತಾಯಿತು, ಇಡ್ಲಿಗೆ ಅಕ್ಕಿ ನೆನೆಹಾಕಿದೆ” ಎಂದಳು. ಕೋಪವಿರಲಿಲ್ಲ, ಸುದ್ದಿ ಹೇಳಿದಂತೆ ಹೇಳಿದಳು. ನಲವತ್ತು ವರ್ಷ ಧರ್ಮಶಾಸ್ತ್ರದ ಪುಸ್ತಕಗಳನ್ನು ತಿರುವಿಹಾಕಿದ ನನಗೆ ಉತ್ತರ ಹೊಳೆಯಲಿಲ್ಲ. ಈ ಲೇಖನ ಆ ರಾತ್ರಿಯ ಸಾಲ.

ನಿವೃತ್ತಿಯೆಂಬ ಪದಾರ್ಥವೇ ನಮ್ಮ ಹೆಂಗಸರ ಮನೆಗೆ ಬಂದಿಲ್ಲ. 2019ರಲ್ಲಿ ಭಾರತ ಸರ್ಕಾರ ನಡೆಸಿದ ಕಾಲಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷವನ್ನೂ ಗಂಡಸರು 97 ನಿಮಿಷವನ್ನೂ ಅದಕ್ಕೆ ಕೊಡುತ್ತಿದ್ದರು. ಗಂಡಸು ಅರವತ್ತಕ್ಕೆ ಕಛೇರಿಯನ್ನು ಬಿಟ್ಟು ಮನೆಗೆ ಬಂದರೆ ಹೆಂಗಸಿಗೆ ಇನ್ನೊಂದು ಹೊತ್ತಿನ ಕಾಫಿಯ ಕೆಲಸ ಹೆಚ್ಚುವುದೇ ಹೊರತು ಬೇರೆ ಲಾಭವಿಲ್ಲ. ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ಕಟ್ಟಿದವನು ಗಂಡಸೇ ಇರಬೇಕು; ಅರಳುಮರಳಾಗಲು ಹೆಂಗಸಿಗೆ ಪುರಸತ್ತೆಲ್ಲಿದೆ?

ವೈಧವ್ಯದ ಮಾತು ಇನ್ನೂ ಕಠಿನ. ನಲವತ್ತರ ಹೆಂಗಸು ಬಳೆ ಒಡೆದ ಮಧ್ಯಾಹ್ನ ಒಮ್ಮೆಗೇ ಮುದುಕಿಯಾಗುವಳು. ಅವಳ ಮೂಳೆ ಮಾಂಸ ನಿನ್ನೆಯದೇ, ಕೂದಲು ನರೆತಿಲ್ಲ. ಆದರೆ ಮಗಳ ಮದುವೆಯಲ್ಲಿ ಅವಳು ಹಿಂದಿನ ಸಾಲಿಗೆ ಸರಿಯಬೇಕು. ಅರವತ್ತೈದರ ವಿಧುರನು ಮಾತ್ರ ಧಾರೆಯೆರೆಯುವ ಸಾಲಿನಲ್ಲಿ ಇಲ್ಲದಿದ್ದರೂ ಮೊದಲ ಪಂಕ್ತಿಯ ಊಟಕ್ಕೆ ಇದ್ದೇ ಇರುತ್ತಾನೆ. ಇದು ದೇಹದ ಮುಪ್ಪೆಂದು ಯಾವ ಪಂಡಿತನು ಸಾಧಿಸುವನೋ ಸಾಧಿಸಲಿ.

“ಸರ್ಕಾರವು ಎಲ್ಲವನ್ನೂ ಕೊಡುತ್ತಿದೆಯಲ್ಲ” ಎಂಬ ಪೂರ್ವಪಕ್ಷ ಬರುವುದು. ಕೊಟ್ಟಿದೆ; ಕೃತಘ್ನರಾಗಬಾರದು. ನಮ್ಮ ಮೈಸೂರು ಸಂಸ್ಥಾನದಲ್ಲಿ 1933ರಷ್ಟು ಹಿಂದೆಯೇ ಹಿಂದೂ ಸ್ತ್ರೀಯರ ಆಸ್ತಿಯ ಹಕ್ಕಿಗೆ ಕಾಯಿದೆಯಾಯಿತು. 2007ರಲ್ಲಿ ತಂದೆತಾಯಿಗಳ ಪೋಷಣೆಯ ಕಾಯಿದೆ ಬಂತು. ಅದೇ ವರ್ಷ ಕರ್ನಾಟಕದಲ್ಲಿ ಸಂಧ್ಯಾ ಸುರಕ್ಷಾ ಯೋಜನೆ ಬಂತು. 2021ರ ಜುಲೈನಲ್ಲಿ ಆ ವೇತನವನ್ನು ತಿಂಗಳಿಗೆ 1,000ದಿಂದ 1,200 ರೂಪಾಯಿಗೆ ಏರಿಸಿದಾಗ, ವಿಧವಾ ವೇತನವನ್ನು 600ರಿಂದ 800ಕ್ಕೆ ಏರಿಸಿದರು. ದಿನಕ್ಕೆ ಇಪ್ಪತ್ತೇಳು ರೂಪಾಯಿಯೂ ಬೀಳದ ಈ ಮೊತ್ತವನ್ನು ದಾನವೆನ್ನೋಣವೋ ಅವಮಾನವೆನ್ನೋಣವೋ ವಾಚಕರೇ ನಿರ್ಣಯಿಸಲಿ. 2013ರ ಆಹಾರ ಭದ್ರತಾ ಕಾಯಿದೆಯಂತೂ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸನ್ನೇ ಯಜಮಾನಿಯೆಂದು ಬರೆಯಬೇಕೆಂದಿದೆ. ಹತ್ತು ವರ್ಷ ಆ ಯಜಮಾನಿಕೆ ಚೀಟಿಯಲ್ಲಿಯೇ ಮಲಗಿತ್ತು. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತಲೆ, “ಅತ್ತೆಗೋ ಸೊಸೆಗೋ?” ಎಂಬ ಪ್ರಶ್ನೆ ಊರೂರಿನ ಹಾಸ್ಯವಾಯಿತು. ಹಾಸ್ಯ ಮಾಡಿದವರಲ್ಲಿ ಒಬ್ಬರಾದರೂ, “ಇಷ್ಟು ವರ್ಷ ಇವಳನ್ನು ಯಜಮಾನಿಯೆಂದು ನಾವೇಕೆ ನಡೆಸಿಕೊಳ್ಳಲಿಲ್ಲ?” ಎಂದು ಕೇಳಿಕೊಂಡದ್ದನ್ನು ನಾನು ಕಾಣೆ. ಕಾಯಿದೆ ಕಂಡ ಯಜಮಾನಿಯನ್ನು ಮನೆಯವರು ಕಾಣಲಿಲ್ಲ.

ಕಡೆಯ ಪೂರ್ವಪಕ್ಷ ಗಟ್ಟಿಯಾದದ್ದು: “ನಮ್ಮ ಶಾಸ್ತ್ರವು ತಾಯಿಯನ್ನು ತಂದೆಗಿಂತ ಸಾವಿರ ಪಾಲು ಹೆಚ್ಚೆಂದಿದೆ, ಇದಕ್ಕಿಂತ ಗೌರವವುಂಟೆ?” ಮನುವಿನ ಎರಡನೆಯ ಅಧ್ಯಾಯದಲ್ಲಿ ಆ ಮಾತು ಇದೆ, ಒಪ್ಪಿದೆ. ಆದರೆ ಅದೇ ಗ್ರಂಥದ ಒಂಬತ್ತನೆಯ ಅಧ್ಯಾಯದಲ್ಲಿ ಮಕ್ಕಳಾಗದ ಹೆಂಡತಿಯ ಮೇಲೆ ಎಂಟನೆಯ ವರ್ಷ ಇನ್ನೊಬ್ಬಳನ್ನು ತರಬಹುದೆಂದೂ ಇದೆ. ತಾಯಿಯ ತಲೆಯ ಮೇಲೆ ಇಟ್ಟ ಕಿರೀಟವೇ ತಾಯಿಯಾಗದವಳ ಬೆನ್ನಿಗೆ ಬಿದ್ದ ಕೋಲು. ಚಿಕ್ಕಯ್ಯನವರು ಆ ಎಂಟನೆಯ ವರ್ಷದ ಲೆಕ್ಕ ಹಿಡಿಯದೆ ಹೆಂಡತಿಯ ಜೊತೆಯಲ್ಲಿ ಕೊಡ ಹೊತ್ತರು. ಈ ಒಂದು ವಿಷಯದಲ್ಲಿ ಹುಲಿಕಲ್ಲಿನ ಕೂಲಿಯವನು ಸ್ಮೃತಿಕಾರನಿಗಿಂತ ಧರ್ಮವನ್ನು ಬಲ್ಲವನೆಂದು ನಿಸ್ಸಂಕೋಚವಾಗಿ ಹೇಳುತ್ತೇನೆ.

2019ರ ಮಾರ್ಚ್‌ನಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ತಿಮ್ಮಕ್ಕನವರು ರಾಷ್ಟ್ರಪತಿಗಳ ತಲೆಯನ್ನು ಮುಟ್ಟಿ ಹರಸಿದರು. ದೇಶವೆಲ್ಲ ಆ ಚಿತ್ರವನ್ನು ನೋಡಿ ಕರಗಿತು. ಅದೇ ವರ್ಷ ಬಾಗೇಪಲ್ಲಿ ಹಲಗೂರು ರಸ್ತೆಯನ್ನು ಅಗಲಮಾಡಲು ಅವರ ಮರಗಳಿಗೆ ಕೊಡಲಿ ಬೀಳುವಂತಾದಾಗ ಅವರೇ ಮುಖ್ಯಮಂತ್ರಿಗಳಲ್ಲಿ ಮನವಿ ಮಾಡಬೇಕಾಯಿತು. ಸರ್ಕಾರ ಬೇರೆ ಉಪಾಯ ಹುಡುಕಲು ಒಪ್ಪಿತು. ಹರಸಿದ ಕೈಯ ಚಿತ್ರ ನಮ್ಮೆಲ್ಲರಿಗೂ ನೆನಪಿದೆ. ಮನವಿ ಮಾಡಿದ ಕೈಯನ್ನು ನೆನೆಯುವವರು ಎಷ್ಟು ಮಂದಿ? ಹರಸುವ ಮುದುಕಿ ನಮಗೆ ಪ್ರಿಯಳು. ಕೇಳುವ ಮುದುಕಿ ಅಷ್ಟು ಪ್ರಿಯಳಲ್ಲ. ನೂರು ದಾಟಿದ ಮೇಲೂ ಆಕೆ ಪೌರಳಾಗಿ ನಿಂತು ಕೇಳಿದರೆಂಬುದೇ ನನ್ನ ಲೆಕ್ಕದಲ್ಲಿ ದೊಡ್ಡದು.

ಇನ್ನು ಮಾಡತಕ್ಕದ್ದೇನು? ದೊಡ್ಡ ಸುಧಾರಣೆಯ ಮಾತನ್ನು ಆಡುವವನು ನಾನಲ್ಲ. ಮನೆಯಲ್ಲಿ ಇಂದೇ ಆಗುವ ನಾಲ್ಕು ಕೆಲಸಗಳನ್ನು ಹೇಳುತ್ತೇನೆ. ಮನೆಯಾಕೆಯ ಅರವತ್ತಕ್ಕೆ ಅವಳ ನಕ್ಷತ್ರದ ದಿನವೇ ಶಾಂತಿ ಮಾಡಿಸಿ. ಗಂಡ ಇರಲಿ ಇಲ್ಲದಿರಲಿ, ಪೀಠದ ಮೇಲೆ ಅವಳೇ ಕೂಡಲಿ. ಪುರೋಹಿತರು ವಿಧಿಯಿಲ್ಲವೆಂದರೆ ಸಂಕಲ್ಪ ಹೇಳಿಸಲು ನಾನು ಬರುತ್ತೇನೆ. ಗಂಡ ಸತ್ತವಳ ಕೈಯಿಂದ ಮದುವೆಯಲ್ಲಿ ಮೊದಲ ಆರತಿ ಎತ್ತಿಸಿ. ಮನೆಗೂ ಜಮೀನಿಗೂ ಖಾತೆಯಲ್ಲಿ ಅವಳ ಹೆಸರಿರಲಿ. ನಿವೃತ್ತನಾದ ಗಂಡಸು ತನ್ನ ಪಾಲಿನ ಒಲೆಯ ಕೆಲಸವನ್ನು ಕಲಿಯಲಿ. ಅಮರಕೋಶವನ್ನು ಬಾಯಿಪಾಠ ಮಾಡಿದವನಿಗೆ ಹುಳಿಯ ಅಳತೆ ಹಿಡಿಯದೆ ಹೋಗದು. ನನಗೆ ಹಿಡಿದಿದೆ, ಉಪ್ಪು ಮಾತ್ರ ಇನ್ನೂ ಒಮ್ಮೊಮ್ಮೆ ಮುಂದಾಗುತ್ತದೆ.

ಐದನೆಯದು ನಮ್ಮಂಥ ಸಭೆ ಸಂಘಗಳಿಗೆ ಸೇರಿದ್ದು. ಮುಂದಿನ ಸಲ ತಿಮ್ಮಕ್ಕನವರ ಸ್ಮರಣೆ ಮಾಡುವಾಗ, ಅವರು ಯಾವ ತಿಂಗಳಲ್ಲಿ ಸಸಿ ನೆಡುತ್ತಿದ್ದರು, ಎಲ್ಲಿಂದ ನೀರು ತರುತ್ತಿದ್ದರು, ಮುಳ್ಳನ್ನು ಹೇಗೆ ಕಟ್ಟುತ್ತಿದ್ದರು ಎಂಬುದನ್ನು ಬಲ್ಲ ಹುಲಿಕಲ್ಲಿನ ಹಿರಿಯರೊಬ್ಬರನ್ನು ಕರೆದು ಹೇಳಿಸೋಣ. ಮಕ್ಕಳಿರಲಿಲ್ಲವೆಂಬ ಮಾತು ಬೇಡ. ಕುದೂರಿನ ದಾರಿಯಲ್ಲಿ ಬಿಸಿಲಿಗೆ ನಿಂತವನು ಆ ಮರಗಳ ಕೆಳಗೆ ಬೆವರು ಒರಸಿಕೊಳ್ಳುವಾಗ, ನೆಟ್ಟವಳಿಗೆ ಮಕ್ಕಳಿದ್ದವೇ ಎಂದು ಕೇಳುವುದಿಲ್ಲ. ಅವನಿಗಿರುವ ಮರ್ಯಾದೆ ನಮಗೂ ಬರಲಿ.